ಒಂದು ಗೇಣು ರಿಬ್ಬನ್

ಯಾರೋ ರಿಬ್ಬನ್ ಕತ್ತರಿಸಿಬಿಟ್ಟಿದ್ದರು.

ನಸೊಂಬೆ ಜಿಲ್ಲಾಸ್ಪತ್ರೆಯ ಹೊಸ ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡ ಕಟ್ಟಿದ್ದ ಕೆಂಪು ರಿಬ್ಬನ್ ಎರಡು ಕಡೆ ಜೋತುಬಿದ್ದಿತ್ತು. ಬೆಳಗಿನ ಆರೂವರೆ. ಹತ್ತು ಗಂಟೆಗೆ ರಾಜಧಾನಿ ಲಿಲಾಂಗ್ವೆಯಿಂದ ಸಚಿವೆ ಬಂದು ಅದನ್ನು ಕತ್ತರಿಸಬೇಕಿತ್ತು. ಒಳಗೆ ಯಂತ್ರಗಳೆಲ್ಲ ಬಂದು ಕೂತು ನಾಲ್ಕು ತಿಂಗಳಾಗಿತ್ತು. ಅಷ್ಟೂ ದಿನ ಆ ಕೋಣೆ ಒಂದು ಕತ್ತರಿಗಾಗಿ ಬೀಗ ಹಾಕಿಕೊಂಡು ಕಾದಿತ್ತು.

ಆಡಳಿತಾಧಿಕಾರಿ ಚಿಲಿಂಡೆ ಮೊದಲು ಗೇಟು ಮುಚ್ಚಿಸಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ರೋಗಿಗಳು, ಅವರ ಜೊತೆಯವರು, ಪಾಳಿ ಮುಗಿಸಿದ ನರ್ಸುಗಳು, ಯಾರೂ ಹೊರಗೆ ಹೋಗುವಂತಿರಲಿಲ್ಲ. ಆಮೇಲೆ ರಾತ್ರಿ ಪಾಳಿಯ ನರ್ಸ್ ತವಿನಾಳನ್ನು ಬಟ್ಟೆ ಉಗ್ರಾಣಕ್ಕೆ ದೂಡಿ ಚಿಲಕ ಹಾಕಿಸಿದ. ಕೊನೆಗೆ ಎನಿಫಾ ಗೊಂಡ್ವೆಗೆ ಹೇಳಿ ಕಳಿಸಿದ.

ಎನಿಫಾ ಆಸ್ಪತ್ರೆಯ ಅಹವಾಲು ಅಧಿಕಾರಿ. ರೋಗಿಗಳ ದೂರು ಕೇಳುವುದು, ವಿಚಾರಣೆ ಮಾಡಿ ವರದಿ ಬರೆಯುವುದು ಅವಳ ಕೆಲಸ. ಅವಳನ್ನು ಆ ಕೆಲಸದಲ್ಲಿ ಇಡುವುದೂ ತೆಗೆಯುವುದೂ ಮಾತ್ರ ಚಿಲಿಂಡೆಯ ಕೈಯಲ್ಲಿತ್ತು.

"ಸಚಿವರು ಬರೋದ್ರೊಳಗೆ ಅಪರಾಧಿ ಹೆಸರು ಬರೆದು ಸಹಿ ಹಾಕಿ ಕೊಡಿ," ಎಂದ. "ತವಿನಾ ಅಂತ ಬರೆದ್ರೂ ನನಗೇನೂ ಬೇಜಾರಿಲ್ಲ."

"ಅವಳೇ ಅಂತ ಗೊತ್ತಾ ಸರ್?"

"ಗೊತ್ತು ಮಾಡ್ಕೋಬೇಕಾದವರು ನೀವು. ಹೆಸರಿಲ್ಲದ ಕಾಗದ ತಂದ್ರೆ ನಿಮ್ಮ ಹೆಸರನ್ನ ನಾನೇ ತುಂಬ್ಕೋತೀನಿ."

ವರದಿಯಲ್ಲಿ ತವಿನಾಳ ಹೆಸರು ಹೋದರೆ ಅವಳ ನರ್ಸಿಂಗ್ ಪರವಾನಗಿಯೂ ಹೋಗುತ್ತಿತ್ತು. ಹೋಗದಿದ್ದರೆ ಎನಿಫಾಳ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಅದೊಂದರಿಂದಲೇ. ಅತ್ತ ದರಿ, ಇತ್ತ ಪುಲಿ.

* * *

ಅವಳು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಳು.

ಬೀಗ ಇದ್ದ ಹಾಗೇ ಇತ್ತು. ಬೀಗದಕೈ ಒಂದೇ, ಅದು ಚಿಲಿಂಡೆಯ ಸೊಂಟದಲ್ಲಿ. ಬೀಗದ ಮೇಲೆ ಅಂಟಿಸಿದ್ದ ಮೊಹರಿನ ಕಾಗದವೂ ಹರಿದಿರಲಿಲ್ಲ. ಅದರ ಮೇಲಿನ ಎರಡು ಸಹಿಗಳನ್ನು ಎನಿಫಾ ಓದಲಿಲ್ಲ. ಓದುವ ಅಗತ್ಯ ಅವಳಿಗಿರಲಿಲ್ಲ.

ರಿಬ್ಬನ್ನಿನ ಎರಡು ತುದಿ ಹಿಡಿದು ಕೂಡಿಸಿದಳು. ಕೂಡಲಿಲ್ಲ. ನಡುವೆ ಒಂದು ಗೇಣು ಕಡಿಮೆ. ತುದಿಗಳು ನುಣ್ಣಗಿದ್ದವು, ಬ್ಲೇಡಿನ ಕೆಲಸ.

ಹಠಕ್ಕೆ ಕತ್ತರಿಸುವವರು ಒಂದೇ ಸಲ ಕತ್ತರಿಸುತ್ತಾರೆ. ಇಲ್ಲಿ ಎರಡು ಸಲ ಕತ್ತರಿಸಿದ್ದರು. ಯಾರಿಗೋ ರಿಬ್ಬನ್ನೇ ಬೇಕಾಗಿತ್ತು.

"ನಾನು ಕಣ್ಣೇ ಮುಚ್ಚಿಲ್ಲಮ್ಮ!" ಕಾವಲುಗಾರ ಹಿಂದಿನಿಂದ ಹೇಳಿದ. ಅವಳಿನ್ನೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ ಇವನು.

"ಹಾಗಾದ್ರೆ ಯಾರು ಬಂದ್ರು ಹೇಳು."

"ಅದು... ನೋಡ್ಲಿಲ್ಲ."

"ಕಣ್ಣು ತೆಗೆದೇ ಗೊರಕೆ ಹೊಡೀತಿದ್ಯಾ?"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಇವನ ತಪ್ಪು ನಿದ್ದೆ ಮಾತ್ರ ಎಂದು ಅವಳಿಗೆ ಖಾತ್ರಿಯಾಯಿತು.

ಆಗ ಬಾಗಿಲ ಕೀಲುಗಳು ಕಣ್ಣಿಗೆ ಬಿದ್ದವು. ಗುತ್ತಿಗೆದಾರ ಬಾಗಿಲನ್ನು ತಿರುಗುಮುರುಗಾಗಿ ಕೂಡಿಸಿದ್ದ, ಕೀಲುಗಳು ಹೊರಗಡೆಯೇ ಇದ್ದವು. ಸ್ಕ್ರೂಗಳ ತಲೆಯ ಮೇಲೆ ಹೊಸ ಗೀರು. ತಲೆಯ ಸೀಳಿನಲ್ಲಿ ಬೆಳ್ಳಗೆ ಏನೋ ಮೆತ್ತಿತ್ತು. ಉಗುರಿನಿಂದ ಕೆರೆದು ಮೂಸಿದಳು. ಸಾಬೂನು.

ಆಸ್ಪತ್ರೆಯಲ್ಲಿ ಕೈ ತೊಳೆಯಲು ಸಾಬೂನು ಸಿಗದೆ ತಿಂಗಳಾಗಿತ್ತು. ಸ್ಕ್ರೂಗೆ ಎಲ್ಲಿಂದ ಸಿಕ್ಕಿತು?

* * *

ಉಗ್ರಾಣದ ಬಾಗಿಲ ಸಂದಿಗೆ ಬಾಯಿಟ್ಟು ಕರೆದಳು. "ತವಿನಾ, ನಾನು ಎನಿಫಾ."

"ನಾನೇ ಮಾಡಿದ್ದು ಅಂತ ಬರ್ಕೊಳ್ಳಿ ಅಕ್ಕ. ಮುಗಿಸಿಬಿಡಿ."

"ಯಾವುದರಿಂದ ಕತ್ತರಿಸಿದೆ?"

"ಕತ್ತರಿಯಿಂದ."

"ಬಾಗಿಲು ಹೇಗೆ ತೆಗೆದೆ?"

"ಬೀಗದಕೈಯಿಂದ."

"ಎರಡೂ ಸುಳ್ಳು. ಯಾರನ್ನ ಮುಚ್ಚಿಡ್ತಿದೀಯ?"

ಒಳಗಿನಿಂದ ಅಳು ಬಂತು. "ನಾಲ್ಕು ಗಂಟೆಗೇ ಹೆರಿಗೆಗೆ ಬಂದವಳ ಹೊಟ್ಟೇಲಿ ಮಗುವಿನ ಎದೆಬಡಿತ ಇಳೀತಾ ಬಂತು ಅಕ್ಕ. ಹಳೇ ವಾರ್ಡಿನ ಆಕ್ಸಿಜನ್ ಮೆಷೀನು ಕೆಟ್ಟು ಕೂತಿದೆ. ಸಾಹೇಬ್ರಿಗೆ ಫೋನ್ ಮಾಡ್ದೆ, ಬೀಗ ತೆಗೀರಿ ಅಂತ."

"ಏನಂದ್ರು?"

"ಹತ್ತು ಗಂಟೆವರೆಗೂ ತಡ್ಕೊಳ್ಳೋಕೆ ಹೇಳು ಅಂದ್ರು."

ಎನಿಫಾಳ ಮೈ ಉರಿಯಿತು. ಬಸುರಿಗೆ ಬಸ್ಸು ಕಾಯಲು ಹೇಳಿದ ಹಾಗೆ ಹೇಳಿದ್ದ ಮಹಾಶಯ.

* * *

ಬಾಣಂತಿಯರ ವಾರ್ಡಿನ ಮೂಲೆಯಲ್ಲಿ ಒಬ್ಬ ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಂಚದ ಮೇಲೆ ಮಗಳು ಮಲಗಿದ್ದಳು. ಅಜ್ಜಿಯ ಮಡಿಲಲ್ಲಿ ಹೂವಿನ ಚಿತೆಂಜೆ ಬಟ್ಟೆಯಲ್ಲಿ ಸುತ್ತಿದ ಗಂಡುಕೂಸು.

"ನೋಡ್ಲಾ ಅಜ್ಜಿ?"

"ನೋಡೋಕೇನು, ನೋಡು. ಮುಟ್ಟೋದಾದ್ರೆ ಕೈ ತೊಳ್ಕೊಂಡು ಬಾ. ಸಾಬೂನು ಇದ್ರೆ!"

ಎನಿಫಾ ಬಟ್ಟೆ ಸರಿಸಿದಳು. ಕೂಸಿನ ಹೊಕ್ಕುಳಬಳ್ಳಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಎರಡು ಬಿಗಿ ಗಂಟು.

"ಹುಟ್ಟಿದಾಗ ಉಸಿರೇ ಇರ್ಲಿಲ್ಲ," ಅಜ್ಜಿ ಹೇಳಿದಳು. "ಆ ನರ್ಸ್ ಹುಡುಗಿ ಮೆಷೀನಿಗೆ ಹಾಕಿ ಉಸಿರು ತರಿಸಿದ್ಲು. ಬಳ್ಳಿ ಕಟ್ಟೋಕೆ ಕ್ಲಿಪ್ಪಿಲ್ಲ, ದಾರ ಇಲ್ಲ. ಬ್ಲೇಡು ಮನೆಯಿಂದ್ಲೇ ತಂದಿದ್ದೆ. ಬಾಗಿಲಲ್ಲಿ ಒಳ್ಳೇ ಹೊಸ ಪಟ್ಟಿ ಸುಮ್ನೆ ನೇತಾಡ್ತಿತ್ತು. ಕೊಯ್ದುಕೊಂಡೆ. ತಪ್ಪಾ?"

"ಬಾಗಿಲು ಕಳಚಿದ್ದು ಯಾರು?"

ಅಜ್ಜಿ ತುಟಿ ಬಿಗಿದಳು. "ಮುದುಕಿ ಕಣ್ಣು. ಕತ್ತಲೇಲಿ ಏನೂ ಕಾಣಲ್ಲ."

ಎನಿಫಾ ನಕ್ಕಳು. ಅವಳಿಗೆ ಸಾಬೂನಿನ ನೆನಪಾಗಿತ್ತು. ಹೋದ ವರ್ಷ ಗಂಡನ ಶವಪೆಟ್ಟಿಗೆಯ ಮುಚ್ಚಳ ಬಿಗಿಯುವಾಗ ಬಡಗಿ ಪ್ರತಿ ಸ್ಕ್ರೂವನ್ನೂ ಸಾಬೂನಿನ ತುಂಡಿಗೆ ಉಜ್ಜಿ ಹಾಕಿದ್ದ. ಅವಳು ಅಳುವುದನ್ನೂ ಮರೆತು ಅದನ್ನೇ ನೋಡಿದ್ದಳು.

* * *

ಶವಪೆಟ್ಟಿಗೆ ಮಾಡುವ ಸೈಜಿಯ ಅಂಗಡಿ ಗೇಟಿನ ಎದುರಿಗೇ ಇತ್ತು. ಇವತ್ತು ಇರಲಿಲ್ಲ. ಹಲಗೆಗಳೆಲ್ಲ ಕೈಗಾಡಿ ಏರಿದ್ದವು. ಗೇಟು ತೆಗೆಯುವಂತಿಲ್ಲ. ಎನಿಫಾ ಸರಳು ಹಿಡಿದು ನಿಂತು ಕೂಗಿದಳು.

"ಅಂಗಡಿ ಯಾಕೆ ಕಿತ್ತೆ ಸೈಜಿಯಣ್ಣ?"

"ಸಚಿವರಿಗೆ ಪೆಟ್ಟಿಗೆ ಕಾಣಬಾರದಂತೆ. ಬೆಳಗಾಗೋದ್ರೊಳಗೆ ಕೀಳು ಅಂತ ಸಾಹೇಬ್ರ ಆರ್ಡರು. ಮೂರೂವರೆಗೆ ಶುರು ಮಾಡ್ದೆ."

"ನಾಲ್ಕು ಗಂಟೆಗೆ ತವಿನಾ ಗೇಟಿಗೆ ಓಡಿ ಬಂದಾಗ ನಿನ್ನ ಕೈಲಿ ಸ್ಕ್ರೂಡ್ರೈವರ್ ಇತ್ತು."

ಅವನು ಅವಳ ಮುಖ ನೋಡಿದ. ಆಮೇಲೆ ಸರಳಿನ ಹತ್ತಿರ ಬಂದ.

"ಆರು ಸ್ಕ್ರೂ ಅಮ್ಮ. ಆರೇ. ಬಿಚ್ಚೋಕೆ ಎಷ್ಟು ಹೊತ್ತು ಬೇಕು? ಆಮೇಲೆ ಸಾಬೂನು ಹಚ್ಚಿ ಮತ್ತೆ ಬಿಗಿದೆ. ಬೀಗ ಬಿದ್ದ ನಾಲ್ಕು ತಿಂಗಳಲ್ಲಿ ನಾನು ಸಣ್ಣ ಪೆಟ್ಟಿಗೆ ಹತ್ತೊಂಬತ್ತು ಮಾಡಿದೀನಿ. ಒಂದೊಂದೂ ಇಷ್ಟೇ." ಕೈ ಅಳತೆ ತೋರಿಸಿದ. "ಸಣ್ಣವು ಮಾಡೋವಾಗ ನನಗೆ ಊಟ ಸೇರಲ್ಲ."

ಆಸ್ಪತ್ರೆಯ ದಾಖಲೆಯಲ್ಲಿ ಆರು ಶಿಶುಗಳ ಸಾವಿತ್ತು. ಉಳಿದ ಹದಿಮೂರು 'ಮನೆಗೆ ಕಳುಹಿಸಲಾಗಿದೆ.' ಆ ಪುಟಗಳನ್ನು ಎನಿಫಾ ಓದಿದ್ದಳು. ಓದಿ ಪಕ್ಕಕ್ಕಿಟ್ಟಿದ್ದಳು.

"ನನ್ನ ಹೆಸರು ಬರೀತೀರಾ ಅಮ್ಮ?"

ಸರಳು ಅವಳ ಅಂಗೈಗೆ ತಣ್ಣಗೆ ಒತ್ತುತ್ತಿತ್ತು. ಒಳಗಿದ್ದವಳು ಅವಳು, ಹೊರಗಿದ್ದವನು ಅವನು.

"ಇಲ್ಲ," ಎಂದಳು. "ಅಪರಾಧಿ ಬೇರೆ."

* * *

ಹತ್ತೂ ಹತ್ತಕ್ಕೆ ಸಚಿವೆ ಬಂದರು. ಜೊತೆಗೆ ಇಬ್ಬರು ಪತ್ರಕರ್ತರು, ಒಂದು ಕ್ಯಾಮೆರಾ. ಚಿಲಿಂಡೆ ಎರಡೂ ಬದಿಯ ಕಟ್ಟು ಸಡಿಲಿಸಿ ರಿಬ್ಬನ್ನಿಗೆ ಗಂಟು ಹಾಕಿಸಿದ್ದ. ಒಂದು ಗೇಣು ಕಡಿಮೆಯಾದ ರಿಬ್ಬನ್ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಎಳೆದು ನಿಂತಿತ್ತು.

"ಇದೇನು ಗಂಟು?" ಸಚಿವೆ ಕೇಳಿದರು.

"ಒಬ್ಬ ನರ್ಸು ಕಿಡಿಗೇಡಿತನ ಮಾಡಿದಾಳೆ ಮೇಡಂ. ವರದಿ ಸಿದ್ಧವಾಗಿದೆ." ಚಿಲಿಂಡೆ ಎನಿಫಾಳ ಕಡೆ ಕೈ ಚಾಚಿದ.

ಎನಿಫಾ ಕಾಗದವನ್ನು ಸಚಿವೆಗೇ ಕೊಟ್ಟಳು.

"ಬೀಗ ಮುರಿದಿಲ್ಲ, ಕೀಲು ಬಿಚ್ಚಿದಾರೆ. ಕೋಣೆಯಿಂದ ಏನೂ ಹೋಗಿಲ್ಲ. ಹೋಗಿರೋದು ಒಂದು ಗೇಣು ರಿಬ್ಬನ್. ಅದು ಈಗ ಒಂದು ಕೂಸಿನ ಹೊಕ್ಕುಳಲ್ಲಿದೆ ಮೇಡಂ. ಆಸ್ಪತ್ರೇಲಿ ಕಟ್ಟೋಕೆ ಬೇರೇನೂ ಇರ್ಲಿಲ್ಲ. ವಾರದಲ್ಲಿ ತಾನಾಗೇ ಉದುರತ್ತೆ. ಬೇಕಾದ್ರೆ ತಂದುಕೊಡ್ತೀನಿ."

ಕ್ಯಾಮೆರಾ ಅವಳ ಕಡೆ ತಿರುಗಿತು.

"ಇವತ್ತು ಬಾಗಿಲು ತೆರೆದಿದ್ದಕ್ಕೆ ಒಂದು ಜೀವ ಉಳೀತು. ನಾಲ್ಕು ತಿಂಗಳು ಮುಚ್ಚಿದ್ದಕ್ಕೆ ಹತ್ತೊಂಬತ್ತು ಕೂಸುಗಳು ಮಣ್ಣಾದ್ವು. ಅಪರಾಧ ರಿಬ್ಬನ್ ಕತ್ತರಿಸಿದ್ದಲ್ಲ, ಬೀಗ ಹಾಕಿದ್ದು."

"ಯಾರು ಹಾಕಿದ್ದು?"

ಎನಿಫಾ ಬೀಗದ ಮೇಲಿನ ಕಾಗದ ಕಿತ್ತು ಓದಿದಳು. "'ಸಚಿವರ ಉದ್ಘಾಟನೆಯವರೆಗೆ ಯಾವ ಕಾರಣಕ್ಕೂ ತೆರೆಯತಕ್ಕದ್ದಲ್ಲ. ಸಹಿ, ಚಿಲಿಂಡೆ, ಆಡಳಿತಾಧಿಕಾರಿ.'" ಬೆರಳನ್ನು ಎರಡನೇ ಸಹಿಗೆ ಸರಿಸಿದಳು. "'ರೋಗಿಗಳ ಪರವಾಗಿ, ಎನಿಫಾ ಗೊಂಡ್ವೆ.'"

"ಕೇಳಿದ್ರಲ್ಲ! ಅವಳೇ ಒಪ್ಪಿಕೊಂಡ್ಳು!" ಚಿಲಿಂಡೆ ಕೂಗಿದ.

"ಹೌದು. ಸಹಿ ಹಾಕು ಅಂದ್ರು, ಹಾಕಿದೆ. ಯಾಕೆ ಅಂತ ಕೇಳ್ಲಿಲ್ಲ. ಕೇಳೋದೇ ನನ್ನ ಕೆಲಸವಾಗಿತ್ತು. ನನ್ನ ವರದಿಯಲ್ಲಿ ಹೆಸರು ಎರಡಿವೆ ಮೇಡಂ."

ಸಚಿವೆ ಕ್ಯಾಮೆರಾ ನೋಡಿದರು, ಕತ್ತರಿ ನೋಡಿದರು. ಕತ್ತರಿಯನ್ನು ತಟ್ಟೆಗೆ ಹಾಕಿದರು. "ಬಾಗಿಲು ತೆಗೀರಿ. ನರ್ಸನ್ನ ಬಿಡಿ. ವಿಚಾರಣೆ ಆಗೋವರೆಗೂ ಇವರಿಬ್ಬರೂ ಗೇಟು ದಾಟಬಾರದು."

* * *

ಚಿಲಿಂಡೆಯನ್ನು ಅವನ ಕಚೇರಿಯಲ್ಲೇ ಕೂರಿಸಿದರು, ಚಹಾ ಕೊಟ್ಟರು. ಎನಿಫಾಳನ್ನು ಬಟ್ಟೆ ಉಗ್ರಾಣದಲ್ಲಿ ಕೂರಿಸಿ ಚಿಲಕ ಹಾಕಿದರು. ತವಿನಾ ಕೂತಿದ್ದ ಮೂಟೆ ಇನ್ನೂ ಬೆಚ್ಚಗಿತ್ತು. ಕಿಟಕಿ ಇರಲಿಲ್ಲ. ಕೆಲಸ ಹೋಯಿತೆಂದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತರ ಲೆಕ್ಕ ಎಲ್ಲಿ ಹೋದರೂ ಜೊತೆಗೆ ಬರುತ್ತದೆಂದೂ ಗೊತ್ತಿತ್ತು. ಮುಖ ಮುಚ್ಚಿಕೊಂಡು ಅತ್ತಳು.

ಸ್ವಲ್ಪ ಹೊತ್ತಿಗೆ ಹೊರಗೆ ಯಾರೋ ಹೆಂಗಸು ನೋವಿನಿಂದ ನರಳುವುದು ಕೇಳಿಸಿತು. "ಬೇಗ, ಬೇಗ ತಳ್ಳಿ!" ತವಿನಾಳ ದನಿ. ಸ್ಟ್ರೆಚರಿನ ಚಕ್ರಗಳು ಕಿರುಗುಟ್ಟುತ್ತ ಉಗ್ರಾಣ ದಾಟಿ ಹೋದವು.

ಎನಿಫಾ ಬಾಗಿಲಿಗೆ ಕಿವಿಯಿಟ್ಟಳು. ಹಳೇ ವಾರ್ಡು ಎಡಕ್ಕಿತ್ತು, ಹೊಸ ಕೋಣೆ ಬಲಕ್ಕೆ. ಚಕ್ರಗಳು ಬಲಕ್ಕೆ ತಿರುಗಿದವು.