ಕೈ ಕೊಟ್ಟ ಮಂಗಳವಾರ

ಮಂಗಳವಾರ ಬೆಳಗ್ಗೆ ನಾನು ಲ್ಯುಬೆನ್‌ಗೆ ಕೈ ಕೊಟ್ಟೆ. ಅಂದರೆ, ಅವನು ಏಳಲು ಕೈ ಚಾಚಿದಾಗ ನನ್ನ ಕೈ ಕೊಡಲಿಲ್ಲ.

ಅವನು ತನ್ನ ಅಡುಗೆಮನೆಯ ಕುರ್ಚಿಯಲ್ಲಿದ್ದ. ನಾನು ಮೇಜಿನ ಈಚೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದೆ.

"ಏನಮ್ಮಾ ನೆವೆನಾ, ಇವತ್ತು ಮಹಾರಾಣಿಯವರಿಗೆ ಕೈ ನೋವಾ?"

"ನೀನೇ ಎದ್ದು ಬಾ. ಮೊಟ್ಟೆ ಬೇಯಿಸಿಟ್ಟಿದ್ದೀನಿ, ಈ ಕಡೆ ಇದೆ."

ಅವನು ನಕ್ಕ. ಆ ನಗುವಿಗಾಗಿಯೇ ನಾನು ಎರಡು ವರ್ಷದಿಂದ ಪಕ್ಕದ ಮನೆಯಿಂದ ಬರುತ್ತಿರುವುದು. ಊರಿನವರಿಗೆ ಮಾತ್ರ "ಪಾಪ, ಒಂಟಿ ಮನುಷ್ಯ" ಎನ್ನುತ್ತೇನೆ. ಅವನ ಅಂಗಿಯ ಗುಂಡಿ ಹಾಕುವವಳು ನಾನು, ಅಳತೆಯ ಅರ್ಧ ಲೋಟ ನೀರು ಎತ್ತಿಕೊಡುವವಳು ನಾನು, ಕೈ ಹಿಡಿದು ಎಬ್ಬಿಸುವವಳೂ ನಾನೇ.

ವ್ರಾತ್ಸಾ ಪಟ್ಟಣದ ಕಡೆಯ ನಮ್ಮ ಹಳ್ಳಿಗಳಲ್ಲಿ ಕಿಡ್ನಿ ಕೆಡುವುದು ಹೊಸದೇನಲ್ಲ. ಲ್ಯುಬೆನ್ ವಾರಕ್ಕೆ ಮೂರು ದಿನ ವ್ಯಾನ್ ಹತ್ತಿ ಡಯಾಲಿಸಿಸ್‌ಗೆ ಹೋಗಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಅವನ ಅಣ್ಣ ಗೆಂಚೋ ಕೂಡ ಅದೇ ವ್ಯಾನಿನಲ್ಲಿ ಹೋಗುತ್ತಿದ್ದ. ಹೋದ ಫೆಬ್ರವರಿಯಲ್ಲಿ ಬಚ್ಚಲಲ್ಲಿ ಬಿದ್ದ, ಮಾರ್ಚ್ ಪೂರ್ತಿ ಹಾಸಿಗೆ ಹಿಡಿದ, ಈಸ್ಟರ್‌ಗೆ ಮುಂಚೆ ನಮ್ಮ ಊರಿನ ರೂಢಿಯಂತೆ ತಮ್ಮನ ಗೇಟಿನ ಮೇಲೂ ಅವನ ಫೋಟೋ ಇರುವ ಸಾವಿನ ಚೀಟಿ ಅಂಟಿಸಿದರು. ಅದರ ಪಕ್ಕದಲ್ಲಿ ಇನ್ನೊಂದು ಚೀಟಿಗೆ ಜಾಗವಿದೆ. ಗೇಟು ತೆಗೆಯುವಾಗ ನಾನು ಅತ್ತ ನೋಡುವುದಿಲ್ಲ.

ನಿನ್ನೆ ಆಸ್ಪತ್ರೆಯಲ್ಲಿ, ಮೆಷಿನ್‌ಗೆ ಹಾಕುವ ಮುಂಚೆ, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ನರ್ಸ್ ಅವನಿಗೆ ಹೇಳಿದಳು. ಒಂದು ಸಲವೂ ಆಗಲಿಲ್ಲ. ಆಮೇಲೆ ನನ್ನನ್ನು ಹೊರಗೆ ಕರೆದಳು.

"ಕಾಲಲ್ಲಿ ಮಾಂಸವೇ ಉಳಿದಿಲ್ಲಮ್ಮಾ. ಸರಿಯಾಗಿ ತಿನ್ನಲ್ಲ, ನಡೆಯಲ್ಲ. ಒಂದು ಸಲ ಬಿದ್ರೆ ಮತ್ತೆ ಏಳೋದು ಕಷ್ಟ. ಮನೇಲಿ ಅವರ ಕೆಲಸ ಎಲ್ಲಾ ಯಾರು ಮಾಡ್ತಾರೆ?"

"ನಾನೇ," ಎಂದೆ ಹೆಮ್ಮೆಯಿಂದ.

"ಹಾಗಾದ್ರೆ ನಿಲ್ಲಿಸಿ. ಡಯಾಲಿಸಿಸ್ ಇಲ್ಲದ ದಿನ ಅವರೇ ಏಳಲಿ. ನೀವು ಎದುರಿಗೆ ಇರಿ, ಸಾಕು."

ಈಗ ಲ್ಯುಬೆನ್‌ನ ನಗು ಆರಿಹೋಗಿತ್ತು. "ಗೊತ್ತಾಯ್ತು ಬಿಡು. ನಿನ್ನೆ ಆ ನರ್ಸ್ ಏನೋ ಹೇಳಿದ್ಲು. ನನ್ನ ಕಥೆ ಮುಗೀತು ಅಂತ ತಾನೇ? ಹೋಗೋದಾದ್ರೆ ಈಗಲೇ ಹೋಗು ಕಣೇ. ನಾನೇನೂ ಅಂದ್ಕೊಳ್ಳಲ್ಲ."

ನನಗೆ ಮೈಯೆಲ್ಲಾ ಉರಿಯಿತು. "ಹೋಗೋಳಾಗಿದ್ರೆ ಯಾವತ್ತೋ ಹೋಗ್ತಿದ್ದೆ, ಪೆದ್ದ! ನಿನ್ನ ಕೈ ಹಿಡಿಯೋಕೆ ನನಗೆ ಬೇರೆ ನೆಪ ಇರಲಿಲ್ಲ. ಅದಕ್ಕೇ ಎಬ್ಬಿಸ್ತಿದ್ದೆ. ನನ್ನ ಆಸೆಗೆ ನಿನ್ನ ಕಾಲು ಕರಗಿಸಿಬಿಟ್ಟೆ."

ಅವನು ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾದ ಎಡಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತ.

"ಮೊದಲ ವರ್ಷ ನಾನೇ ಏಳ್ತಿದ್ದೆ ನೆವೆನಾ," ಎಂದ ಕೊನೆಗೆ. "ನಿನ್ನ ಹೆಜ್ಜೆ ಸದ್ದು ಕೇಳಿದ ತಕ್ಷಣ ಬಂದು ಕೂತ್ಕೊಳ್ತಿದ್ದೆ, ನೀನು ಕೈ ಹಿಡೀಲಿ ಅಂತ. ಬರೀ ನಾಟಕ." ಅವನು ಆ ಕೈಯನ್ನು ಮೇಜಿನಿಂದ ಎಳೆದುಕೊಂಡ. "ಅದು ಯಾವತ್ತು ನಿಜ ಆಯ್ತೋ ನನಗೇ ಗೊತ್ತಾಗಲಿಲ್ಲ."

ನನಗೆ ಭಯವಾಯಿತು. ಇಬ್ಬರೂ ಸೇರಿ, ಪ್ರೀತಿಯಿಂದಲೇ, ಅವನನ್ನು ಗೆಂಚೋನ ಹಾದಿಗೆ ತಂದು ನಿಲ್ಲಿಸಿದ್ದೆವು.

"ಏಳು," ಎಂದೆ.

ಅವನು ಮುಂದಕ್ಕೆ ಬಾಗಿ ಎದ್ದ, ಅರ್ಧಕ್ಕೇ ಕುಸಿದು ಕೂತ. ಮತ್ತೊಮ್ಮೆಯೂ ಹಾಗೇ ಆಯಿತು. ನನ್ನ ಕೈಗಳು ತೊಡೆಯಡಿ ಜೋಮು ಹಿಡಿದಿದ್ದವು, ಆದರೂ ತೆಗೆಯಲಿಲ್ಲ. ಮೂರನೆಯ ಸಲ ಹಲ್ಲು ಕಚ್ಚಿ, ನನ್ನನ್ನೇ ದಿಟ್ಟಿಸುತ್ತ ಮೇಲಕ್ಕೆ ಬಂದ. ಕಾಲು ಗಡಗಡ ನಡುಗುತ್ತಿದ್ದರೂ ನಿಂತಿದ್ದ.

"ಈಗ ಹಿಡಿ," ಎಂದ ಏದುಸಿರು ಬಿಡುತ್ತ. "ಎಬ್ಬಿಸೋಕಲ್ಲ. ಮದುವೆ ಆಗೋಕೆ."

ಮೇಜು ಸುತ್ತಿ ಬಂದು ಹಿಡಿದೆ. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ತಣ್ಣನೆಯ ಅಂಗೈಗೆ ಮುತ್ತಿಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

"ಕೂತ್ಕೋ," ಎಂದೆ. "ಇನ್ನೂ ನಾಲ್ಕು ಸಲ ಇದೆ."