ಹಳದಿ ಗೆರೆಯ ಹಿಂದೆ

"ಏಯ್... ನಿಂತ್ಕೊಳ್ಳಿ! ಹಳದಿ ಗೆರೆ ಹಿಂದೆ ನಿಂತ್ಕೊಳ್ಳಿ!"

ಆ ಕೂಗು ತನ್ನ ಬಾಯಿಂದಲೇ ಬಂದದ್ದೆಂದು ನಂಬಲು ಅವಳಿಗೇ ಕಷ್ಟವಾಯಿತು.

ನಗರದ ನಟ್ಟನಡುವೆ, ನೆಲದಡಿಯಲ್ಲಿ, ಎರಡು ಮೆಟ್ರೋ ಲೈನುಗಳು ಒಂದರ ಮೇಲೊಂದು ಹಾದುಹೋಗುವ ನಿಲ್ದಾಣ. ಜನರಿಗೆ ಇನ್ನೂ ತೆರೆದಿರಲಿಲ್ಲ. ಬೇರೊಂದು ನಿಲ್ದಾಣದ ವಿಚಾರಣೆ ಕೌಂಟರ್‌ಗೆ ಆಯ್ಕೆಯಾಗಿದ್ದ ಅವಳು ತರಬೇತಿಗೆಂದು ಇಲ್ಲಿಗೆ ಬಂದಿದ್ದಳು. ಎದುರಿಗೆ ಒಬ್ಬ ಯುವಕ... ಕೊರಳಲ್ಲಿ ಹೆಡ್‌ಫೋನ್, ಕೈಯಲ್ಲಿ ಮೈಕು. ಚಾವಣಿಯ ಸ್ಪೀಕರುಗಳನ್ನೇ ನೋಡುತ್ತಾ ಹಿಂದೆ ಹಿಂದೆ ನಡೆಯುತ್ತಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಹಳಿಯ ಮೇಲೆ ಬೀಳುತ್ತಿದ್ದ!

ಅವನು ತಿರುಗಿ ಅಂಚನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಇನ್ನೊಂದು ಸಲ ಕೂಗಿ."

"ಏನು?!"

"ಈಗ ಕೂಗಿದ್ರಲ್ಲ, ಅದನ್ನೇ. ಇಲ್ಲಿ ಯಾರು ಮಾತಾಡಿದ್ರೂ ಗೋಡೆಗೆ ಬಡಿದು ಗಜಿಬಿಜಿ ಆಗ್ತಿತ್ತು. ನಿಮ್ದು ನೋಡಿ... ಒಂದೊಂದು ಅಕ್ಷರಾನೂ ಕೇಳಿಸ್ತು!"

"ಸ್ವಾಮಿ, ನೀವು ಸಾಯ್ತಿದ್ರಿ!"

"ಅದಿರ್ಲಿ. ಕೂಗ್ತೀರಾ?"

ಎಂಥಾ ಮನುಷ್ಯನಪ್ಪಾ ಇವನು! ಸಿಟ್ಟು ಬಂತು. ನಗುವೂ ಬಂತು. ಕಿವಿ ಮಾತ್ರ ಸುಮ್ಮನೆ ಬಿಸಿಯಾಗಿಬಿಟ್ಟಿತು...

ಅವನು ಸೌಂಡ್ ಎಂಜಿನಿಯರ್. ವಾರ ಕಳೆಯುವಷ್ಟರಲ್ಲಿ ಅವಳನ್ನು ರೆಕಾರ್ಡಿಂಗ್ ಕೋಣೆಯಲ್ಲಿ ಕೂರಿಸಿದ್ದ. ನಿಲ್ದಾಣದ ಪ್ರಕಟಣೆಗಳಿಗೆ ಅವಳದೇ ಧ್ವನಿ!

ಮನೆಯಲ್ಲಿ ಯಾರೂ ನಂಬಲಿಲ್ಲ. ನೆಂಟರು ಬಂದರೆ ಬಾಗಿಲ ಹಿಂದೆ ಸರಿಯುವ ಹುಡುಗಿ ಅವಳು.

"ಇವಳ ಬಾಯಿಂದ ಮಾತು ತೆಗೀಬೇಕಂದ್ರೆ ಇಕ್ಕಳ ಹಾಕಬೇಕು. ಇವಳು ಊರಿಗೆಲ್ಲಾ ಕೇಳೋ ಹಾಗೆ ಮಾತಾಡ್ತಾಳಂತೆ!" ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಜ್ಜಿ ಒಬ್ಬರು ಮಾತ್ರ ನಗಲಿಲ್ಲ. "ನನ್ನ ಗುಬ್ಬಿ ಧ್ವನಿ ನನಗೆ ಗೊತ್ತು ಬಿಡೇ" ಎಂದರು. ಅಜ್ಜಿಯ ಎರಡು ಕಣ್ಣೂ ಮಂಜಾಗಿ ಬಹಳ ಕಾಲವಾಗಿತ್ತು.

ಒಂದು ಮಧ್ಯಾಹ್ನ, ಚಹಾ ಕುಡಿಯುತ್ತಾ ಅದನ್ನವಳು ಅವನಿಗೂ ಹೇಳಿದ್ದಳು. "ನಮ್ಮಜ್ಜಿಗೆ ಧ್ವನಿನೇ ಮುಖ. ಯಾರು ಎಲ್ಲಿದ್ದಾರೆ ಅಂತ ಕೇಳಿಸ್ಕೊಂಡೇ ಮನೆಯೆಲ್ಲಾ ಓಡಾಡ್ತಾರೆ."

ಲೋಟ ಅವನ ಕೈಯಲ್ಲೇ ಉಳಿದಿತ್ತು. "ಧ್ವನಿನೇ ಮುಖಾನಾ...?" ಎಂದವನು ಅದನ್ನು ಹಿಡಿದೇ ರೆಕಾರ್ಡಿಂಗ್ ಕೋಣೆಯ ಕಡೆ ನಡೆದುಬಿಟ್ಟಿದ್ದ.

ತರಬೇತಿ ಮುಗಿದ ದಿನ ಅವನು ಹೇಳಿದ್ದು ಇಷ್ಟೇ. "ನಿಲ್ದಾಣ ತೆರೆಯೋ ದಿನ ಮನೆಯವರನ್ನೆಲ್ಲಾ ಕರ್ಕೊಂಡು ಬನ್ನಿ. ಒಂದು ವಿಷಯ ಇದೆ. ಅವತ್ತೇ ಹೇಳ್ತೀನಿ."

*

ಆ ದಿನ ಬಂದೇಬಿಟ್ಟಿತು. ಹೊರಗೆ ಹೂವಿನ ತೋರಣ, ಒಳಗೆ ಜನಸಾಗರ!

ಎಸ್ಕಲೇಟರ್ ಎಂದರೆ ಅಜ್ಜಿಗೆ ಭಯ. ಹಾಗಾಗಿ ಅಪ್ಪ ಅವರನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋದರು. ಅವಳು ಚಿಕ್ಕಮ್ಮನ ಜೊತೆ ಎಸ್ಕಲೇಟರ್ ಇಳಿದು ಮೊದಲು ಸಿಕ್ಕ ಪ್ಲಾಟ್‌ಫಾರಂನಲ್ಲಿ ನಿಂತಳು.

ಸ್ಪೀಕರ್ ಉಲಿಯಿತು. "ಪ್ರಯಾಣಿಕರ ಗಮನಕ್ಕೆ... ದಯವಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಿ."

ಗಂಡಸಿನ ಧ್ವನಿ!

ಚಿಕ್ಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನೇ ಇದು? ನಿನಗೆ ಮೀಸೆ ಯಾವಾಗ ಬಂತು?"

ಪಕ್ಕದಲ್ಲಿದ್ದವರು ಕಿಸಕ್ಕನೆ ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಚುಚ್ಚಿದ್ದು ಆ ನಗುವಲ್ಲ... ಆ ಧ್ವನಿ ಯಾರದೆಂದು ಅವಳಿಗೆ ಗೊತ್ತಿತ್ತು. ಅವನದೇ!

*ನನ್ನದನ್ನ ಅಳಿಸಿ ತನ್ನದನ್ನೇ ಹಾಕ್ಕೊಂಡನಾ? ಹೇಳ್ತೀನಿ ಅಂದಿದ್ದು ಇದನ್ನೇನಾ? ಮನೆಯವರನ್ನೆಲ್ಲಾ ಕರೆಸಿ...*

ಕಣ್ಣು ತುಂಬಿತು. "ಬನ್ನಿ ಚಿಕ್ಕಮ್ಮ, ಮನೆಗೆ ಹೋಗೋಣ."

"ಹೋಗೋಣ, ಆದ್ರೆ ನಿಮ್ಮಪ್ಪ ಎಲ್ಲಿ? ಅಜ್ಜಿ ಎಲ್ಲಿ?"

ಲಿಫ್ಟ್ ಬಳಿ ಇಬ್ಬರೂ ಇರಲಿಲ್ಲ. ಈ ನೂಕುನುಗ್ಗಲಿನಲ್ಲಿ ಕಣ್ಣು ಕಾಣದ ಅಜ್ಜಿ... ಅವಮಾನವೆಲ್ಲ ಮರೆತುಹೋಯಿತು. ಅಪ್ಪ ಯಾವ ಗುಂಡಿ ಒತ್ತಿದರೋ ಏನೋ! ಇನ್ನೊಂದು ಎಸ್ಕಲೇಟರಿನಲ್ಲಿ ಜನರ ನಡುವೆ ಜಾಗ ಮಾಡಿಕೊಂಡು ಅವಳು ಕೆಳಗಿನ ಪ್ಲಾಟ್‌ಫಾರಂಗೆ ಓಡಿದಳು.

ಅಜ್ಜಿ ಅಲ್ಲಿದ್ದರು! ಕಲ್ಲಿನ ಬೆಂಚಿನ ಮೇಲೆ ಮಹಾರಾಣಿಯ ಹಾಗೆ ಕೂತಿದ್ದರು. ಪಕ್ಕದಲ್ಲಿ ಅಪ್ಪ. ಇನ್ನೊಂದು ಪಕ್ಕದಲ್ಲಿ... ಅವನು.

"ಅಮ್ಮ, ಏಳಮ್ಮ, ಅವರು ಮೇಲೆ ಕಾಯ್ತಿರ್ತಾರೆ" ಎಂದು ಅಪ್ಪ ಗೋಗರೆಯುತ್ತಿದ್ದರು.

"ಸುಮ್ನಿರೋ! ಗುಬ್ಬಿ ಮತ್ತೆ ಮಾತಾಡ್ತಾಳೆ. ಕೇಳೋಕೆ ಬಿಡು!"

ಅಷ್ಟರಲ್ಲಿ ಚಾವಣಿಯಿಂದ ಚಿಲುಮೆಯ ನೀರಿನಷ್ಟು ತಿಳಿಯಾದ ದನಿಯೊಂದು ಇಳಿದು ಬಂತು.

"ಪ್ರಯಾಣಿಕರ ಗಮನಕ್ಕೆ... ದಯವಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಿ."

ಪ್ಲಾಟ್‌ಫಾರಂ ತುಂಬ ನಿಂತಿದ್ದ ಜನ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. ಅಧಿಕಾರಿಗಳೂ, ಹಾರ ಹಾಕಿಸಿಕೊಂಡ ಗಣ್ಯರೂ. ಏದುಸಿರು ಬಿಡುತ್ತಾ ಆಗ ತಾನೇ ಬಂದ ಚಿಕ್ಕಮ್ಮನೂ ಸರಕ್ಕನೆ ಹಿಂದೆ ಸರಿದರು! ಸರಿದ ಮೇಲೆ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಬಾಗಿಲ ಹಿಂದೆ ನಿಲ್ಲುತ್ತಿದ್ದ ಹುಡುಗಿಯ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅಪ್ಪ ಹತ್ತಿರ ನಿಂತಿದ್ದ ಯಾರೋ ಅಪರಿಚಿತನ ತೋಳು ಹಿಡಿದು, "ನನ್ನ ಮಗಳು ರೀ... ಅದು ನನ್ನ ಮಗಳು!" ಎಂದರು.

ಅವನು ಎದ್ದು ಬಂದ. "ಇಲ್ಲೇ ಕಾಯ್ತಿದ್ದೆ. ನಿಮ್ಮ ಧ್ವನಿ ಕೇಳಿ ಅಜ್ಜಿ ಹಿಗ್ಗಿದಾಗಲೇ ಇವರು ನಿಮ್ಮನೆಯವರು ಅಂತ ಗೊತ್ತಾಯ್ತು. ಮೇಲೆ ಹೋಗಿದ್ರಾ? ಛೆ, ಯಾವ ಪ್ಲಾಟ್‌ಫಾರಂ ಅಂತ ಹೇಳೋದನ್ನೇ ಮರೆತೆ!"

"ಎರಡು ಧ್ವನಿ ಯಾಕೆ...?"

"ನೀವು ಹೇಳಿದ್ದಕ್ಕೇ. ಧ್ವನಿನೇ ಮುಖ ಅಂತ. ಮೇಲಿನ ಲೈನಿಗೆ ಗಂಡು ಧ್ವನಿ, ಕೆಳಗಿನದಕ್ಕೆ ಹೆಣ್ಣು ಧ್ವನಿ. ಕಣ್ಣು ಕಾಣದವರಿಗೆ ತಾವು ಎಲ್ಲಿದ್ದೀವಿ ಅಂತ ಯಾರನ್ನೂ ಕೇಳದೇ ಗೊತ್ತಾಗುತ್ತೆ. ಅಧಿಕಾರಿಗಳನ್ನ ಒಪ್ಪಿಸೋಷ್ಟರಲ್ಲಿ ಸಾಕುಸಾಕಾಯ್ತು."

"ಗಂಡು ಧ್ವನಿ ನಿಮ್ದೇ ಯಾಕೆ?"

ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತತೊಡಗಿದ. "ಯಾರನ್ನೋ ಕರೆಸ್ತೀವಿ ಅಂದ್ರು. ನಾನು ಬಿಡ್ಲಿಲ್ಲ. ಇನ್ನೆಷ್ಟೋ ವರ್ಷ ಇರೋ ನಿಲ್ದಾಣ ಇದು... ನಿಮ್ಮ ಧ್ವನಿ ಜೊತೆ ಬೇರೆ ಯಾರದ್ದೋ ಇರೋದು ನನ್ನಿಂದ ಸಹಿಸೋಕಾಗ್ಲಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ. ಇದೇ ಆ ವಿಷಯ."

ರೈಲು ಬಂತು. ಗಾಳಿ ಅವಳ ಮುಂಗುರುಳನ್ನೆಲ್ಲ ಕೆದರಿತು. ಆ ಸದ್ದಿನ ಮರೆಯಲ್ಲಿ ಅವಳು ಮೆಲ್ಲಗೆ ಅಂದಳು, "ನನಗೂ..."

"ಇನ್ನೊಂದು ಸಲ ಹೇಳಿ."

"ಕೇಳಿಸ್ತಲ್ಲ!"

"ಕೇಳಿಸ್ತು. ಆದ್ರೂ."

ರೈಲು ನಿಂತು ಸದ್ದು ಅಡಗುವವರೆಗೂ ಅವಳು ಕಾದಳು. ಆಮೇಲೆ ತಲೆ ಎತ್ತಿ, ಒಂದೊಂದು ಅಕ್ಷರವೂ ಕೇಳುವ ಹಾಗೆ ಹೇಳಿದಳು.

"ನನಗೂ ನೀವಂದ್ರೆ ತುಂಬಾ ಇಷ್ಟ!"

ಬೆಂಚಿನಿಂದ ಅಜ್ಜಿ ಕೈ ಎತ್ತಿದರು. "ನನಗೂ ಕೇಳಿಸ್ತು ಕಣೇ ಗುಬ್ಬಿ! ಅವನನ್ನ ಇಲ್ಲಿಗೆ ಕರ್ಕೊಂಡು ಬಾ... ಇನ್ನೊಂದಿಷ್ಟು ಮಾತಾಡಿಸಿ ಮುಖ ನೋಡ್ತೀನಿ."