ಮೊದಲ ನಡೆಗೆ ಏಳು ಅಂಕ

೨೦೬೧ರ ಜೂನ್. ಧಾರವಾಡದ ಒಂದು ಗಣಕ ಸಂಶೋಧನಾಲಯದಲ್ಲಿ 'ಸಮತೋಲಕ' ಎಂಬ ಯಂತ್ರ ಎರಡು ಹಳೆಯ ಪ್ರೋಗ್ರಾಮ್‌ಗಳನ್ನು ಗೋ ಆಟಕ್ಕೆ ಕೂರಿಸಿತ್ತು. ಕಪ್ಪು ಬಿಳಿ ಕಲ್ಲುಗಳಿಂದ ಹಲಗೆಯ ಮೇಲೆ ಜಾಗ ಸುತ್ತುವರಿಯುವ ಈ ಆಟದಲ್ಲಿ ಮೊದಲು ಕಲ್ಲಿಡುವ ಕಪ್ಪಿಗೆ ಅನುಕೂಲ ಹೆಚ್ಚು. ಅದಕ್ಕೆ ಪರಿಹಾರವಾಗಿ ಬಿಳಿಗೆ ಒಂದಿಷ್ಟು ಅಂಕ ಕೊಡುತ್ತಾರೆ. ಎಷ್ಟು ಕೊಟ್ಟರೆ ನ್ಯಾಯ? ಹಿಂದೆಲ್ಲ ಅದನ್ನು ರೂಢಿಯೇ ಹೇಳುತ್ತಿತ್ತು. ಸಮತೋಲಕ ಬದಿ ಅದಲುಬದಲು ಮಾಡಿ ಲಕ್ಷಾಂತರ ಆಟ ಆಡಿಸಿ, ಎರಡೂ ಬಣ್ಣಕ್ಕೆ ಗೆಲುವು ಸಮವಾಗುವ ಅಂಕವನ್ನು ಹುಡುಕುತ್ತಿತ್ತು. ಆಮೇಲೂ ಉಳಿಯುವ ಅಂತರವೇ ನಿಜವಾದ ಸಾಮರ್ಥ್ಯ. ನೌಕರಿಯ ಸಂದರ್ಶನಕ್ಕೆ ಮೊದಲು ಹೋದವರಿಗೆ, ಹಾಡಿನ ಸ್ಪರ್ಧೆಯಲ್ಲಿ ಕೊನೆಗೆ ಹಾಡಿದವರಿಗೆ ಸಿಗುವ ಅನುಕೂಲವನ್ನೂ ಈಗ ಅದೇ ಅಳೆಯುತ್ತಿತ್ತು.

ಅದನ್ನು ಕಟ್ಟಿದ ಡಾ. ಚಿದಂಬರ ಸವಣೂರ ಪರದೆ ನೋಡುತ್ತ ನಿಂತಿದ್ದರು. ಆಡುತ್ತಿದ್ದ ಪ್ರೋಗ್ರಾಮ್‌ಗಳಲ್ಲಿ ಒಂದು ಅವರೇ ಬರೆದದ್ದು, ಇನ್ನೊಂದು ಅಂದಿನ ಸಹೋದ್ಯೋಗಿ ಕುಮುದಿನಿ ಅಣ್ಣಿಗೇರಿಯವರದು. ಮೂವತ್ತನಾಲ್ಕು ವರ್ಷಗಳ ಹಿಂದೆ, ಎರಡರಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳಬೇಕಾಗಿ ಬಂದು, ಹತ್ತು ಆಟ ಆಡಿಸಿದ್ದರು. ಬಿಳಿಗೆ ಪರಿಹಾರ, ಹಳೆಯ ರೂಢಿಯಂತೆ, ಐದೂವರೆ ಅಂಕ. ಹತ್ತರಲ್ಲೂ ಕಪ್ಪು ಸವಣೂರರದೇ. ಅವರದು ಆರು ಗೆದ್ದಿತು. ಕುಮುದಿನಿಯವರ ಪ್ರೋಗ್ರಾಮ್ ಮೂಲೆ ಸೇರಿತು, ಮರುತಿಂಗಳು ಅವರ ಹುದ್ದೆಯೂ ಹೋಯಿತು.

ಫಲಿತಾಂಶ ಮೂಡಿತು. ನ್ಯಾಯವಾದ ಪರಿಹಾರ ಏಳು ಅಂಕ. ಆ ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತೊಂದು ಆಟ ಕುಮುದಿನಿಯವರ ಪ್ರೋಗ್ರಾಮ್ ಗೆದ್ದಿತ್ತು.

ಮರುದಿನ ಬೆಳಿಗ್ಗೆ ಸವಣೂರ ಗದಗಿಗೆ ಹೋದರು. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದ ಕುಮುದಿನಿ ಬಾಗಿಲು ತೆರೆದರು.

"ಬರ್ರಿ, ಸವಣೂರ ಅವರ! ಎಷ್ಟು ವರ್ಷ ಆತ್ರಿ!"

ಸವಣೂರ ಕೂರಲಿಲ್ಲ. ಮುದ್ರಿಸಿ ತಂದಿದ್ದ ಹಾಳೆಯನ್ನು ಮುಂದೆ ಚಾಚಿದರು. "ಅವತ್ತ ಗೆದ್ದವ್ರು ನೀವರಿ. ತಪ್ಪು ನಂದು. ಎಲ್ಲಾರಿಗೂ ಬರದು ತಿಳಸ್ತೀನಿ."

ಕುಮುದಿನಿ ಹಾಳೆಯನ್ನು ಎರಡು ಸಲ ಓದಿದರು. ಅವರ ಮುಖದಲ್ಲಿ ಸಂತೋಷ ಕಾಣಲೆಂದು ಸವಣೂರ ಕಾದರು.

"ನಂಗ ಅಷ್ಟು ತಲಿ ಇಲ್ಲ ಅಂತ ನಂಬಿದ್ದೆ," ಎಂದರು ಕುಮುದಿನಿ. "ನಂಬಿದ್ದಕ್ಕ ಆ ಕೆಲಸ ಮರೀಲಿಕ್ಕೆ ಆತು. ಮಗಳು ಗಣಿತ ಓದ್ತೀನಿ ಅಂದಾಗ, 'ನಮ್ಮ ಮನಿತನದಾಗ ಅದು ಇಲ್ಲವ್ವಾ, ಬ್ಯಾಡ' ಅಂದೆ. ಅತ್ತಳು. ಆಮ್ಯಾಲೆ ಬಿಟ್ಟಳು. ಆಕಿಗೆ ಈಗ ನಲವತ್ತು. ಏನ್ ಹೇಳ್ಲಿ?"

ಸವಣೂರ ಕುರ್ಚಿಯ ಅಂಚಿಗೆ ಕೂತರು. ಕುಮುದಿನಿ ಮುಂದುವರಿಸಿದರು.

"ಹತ್ತಾಟ ಆದ ಮ್ಯಾಲೆ, ಬದಿ ಬದಲಿ ಮಾಡಿ ಇನ್ನೈದು ಆಡಸೋಣು ಅಂದಿದ್ದೆ. ನೆನಪದ ಏನ್ರಿ?"

"ನೆನಪದ ರೀ."

"ಮಾಡಿದ್ರ ಎಷ್ಟು ಹೊತ್ತು ಹಿಡೀತಿತ್ತು?"

"ಒಂದು ತಾಸು."

ಕುಮುದಿನಿ ಹಾಳೆಯನ್ನು ಮಡಚಿ ಅವರ ಕೈಗೇ ಕೊಟ್ಟರು. ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಸವಣೂರರಿಗೆ ತಮ್ಮ ಯಂತ್ರದ ಬಗ್ಗೆ ಹೆಮ್ಮೆಪಡಲು ಏನೂ ಉಳಿದಿರಲಿಲ್ಲ. ಆ ಸತ್ಯ ತಿಳಿಯಲು ಸಮತೋಲಕ ಬೇಕಿರಲಿಲ್ಲ. ೨೦೨೭ರ ಆ ಮಧ್ಯಾಹ್ನ, ಇದ್ದ ಗಣಕದಲ್ಲೇ, ಕಪ್ಪನ್ನು ಆಕೆಗೆ ಕೊಟ್ಟು ಇನ್ನೈದು ಆಟ ಆಡಿಸಿದ್ದರೆ ಸಾಕಿತ್ತು. ಊಟದ ಹೊತ್ತಾಯಿತೆಂದು ಅವರು ಆಡಿಸಿರಲಿಲ್ಲ.